1968ರ ಫಿಯಟ್ 1100: ಯಾವ ಭಾಗಕ್ಕೆ ಯಾವ ಪೇಂಟ್, ಯಾಕೆ

ಕಾರು 1968ರ ಫಿಯಟ್ 1100 ಡಿಲೈಟ್. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ ತಯಾರಾದದ್ದು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 1970ರ ದಶಕದಲ್ಲಿ ಇದೇ ಕಾರು ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮಾಲೀಕರು ಮಂಡ್ಯದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕಾರನ್ನು ಕೊಂಡವರು ಅವರ ತಂದೆ. ಕೆಲಸ ನಡೆದದ್ದು ಮೈಸೂರಿನ ಬನ್ನಿಮಂಟಪದ ಕಡೆ ಇರುವ ನಮ್ಮ ಶೆಡ್ಡಿನಲ್ಲಿ.

ಎಂಜಿನ್ ಬೋರಿಂಗ್, ಟಿಂಕರಿಂಗ್, ಸೀಟು, ವೈರಿಂಗ್ ಎಲ್ಲವೂ ಆದವು. ಅವನ್ನು ಇಲ್ಲಿ ಬರೆಯುತ್ತಿಲ್ಲ. ಪೇಂಟ್ ಒಂದನ್ನೇ ಹಿಡಿದಿದ್ದೇನೆ. ಹಳೇ ಕಾರು ಅಂದರೆ ಬಾಡಿ ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ಉಳಿದ ನೂರಾರು ಬಿಡಿಭಾಗಗಳ ವಿಷಯ ಬಂದಾಗ "ಕಪ್ಪು ಹೊಡೆದುಬಿಡಿ" ಎಂದು ಮುಗಿಸುತ್ತಾರೆ. ನಾಲ್ಕು ವರ್ಷ ಆದಮೇಲೆ ತುಕ್ಕು ಶುರುವಾಗುವುದು, ಪೇಂಟ್ ಏಳುವುದು, ಲೈಟ್ ಮಂಕಾಗುವುದು ಆ ಭಾಗಗಳಿಂದಲೇ.

ಮೇಷ್ಟ್ರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅವರು ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು. ಬಾಡಿಗೆ ಬೇಸ್ ಕೋಟ್ (ಬಣ್ಣದ ಪದರ) ಮತ್ತು ಕ್ಲಿಯರ್ ಕೋಟ್ (ಅದರ ಮೇಲಿನ ಪಾರದರ್ಶಕ ಪದರ). ಎಂಜಿನ್‌ಗೆ 600 ಡಿಗ್ರಿ ತಡೆಯುವ ಹೀಟ್ ಪೇಂಟ್. ಅಡಿಭಾಗ, ಸಸ್ಪೆನ್ಷನ್, ಬ್ರಾಕೆಟ್, ಚಕ್ರ, ಎಲ್ಲಕ್ಕೂ ಹೊಳೆಯುವ ಕಪ್ಪು ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಅಂಟಿಸಿ ಓವನ್‌ನಲ್ಲಿ ಬೇಯಿಸುವ ಫಿನಿಶ್.

"ಅಣ್ಣ, ಪೌಡರ್ ಕೋಟಿಂಗ್ ಎಲ್ಲಕ್ಕಿಂತ ಗಟ್ಟಿ ಅಲ್ವಾ? ಎಲ್ಲಾನೂ ಒಟ್ಟಿಗೆ ಕಳಿಸಿಬಿಡೋಣ" ಎಂದರು.

ಮೇಷ್ಟ್ರು ಕೇಳಿಸಿಕೊಂಡು, "ನಾನು ಓಡ್ಸಕ್ಕೆ ಮಾಡಿಸ್ತಿರೋದು ಕಣಪ್ಪ. ಶ್ರೀರಂಗಪಟ್ಟಣಕ್ಕೆ, ಕೆಆರ್‌ಎಸ್‌ಗೆ, ಊರ ಹಬ್ಬಕ್ಕೆ ಹೋಗ್ಬೇಕು" ಎಂದರು.

ಮೇಷ್ಟ್ರ ಮಾತಿನಿಂದ ಒಂದು ಕಾಗದದ ವಿಷಯವೂ ಇತ್ಯರ್ಥವಾಯಿತು. 50 ವರ್ಷ ದಾಟಿದ ವಾಹನಕ್ಕೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ. ಮೇಷ್ಟ್ರಿಗೆ ಅದು ಬೇಡವಾಗಿತ್ತು. ಹಳೇ ನೋಂದಣಿಯನ್ನೇ ನವೀಕರಿಸಿಕೊಂಡು ಓಡಿಸುವುದು ಅಂತಾಯಿತು. ಅಲ್ಲಿಗೆ ಇದು ಮಳೆ, ಕೆಸರು, ಜಲ್ಲಿಕಲ್ಲು ಎಲ್ಲ ತಿನ್ನುವ ಕಾರು ಎಂದು ತೀರ್ಮಾನ. ನಾವು ಆಮೇಲೆ ಮಾಡಿದ ಪ್ರತಿ ಆಯ್ಕೆಗೂ ಇದೇ ಬುಡ.

ಬಿಚ್ಚುವಾಗ ಸಿಕ್ಕ ಸಾಕ್ಷಿ

ಬಾಡಿ ಮೇಲೆ ಇದ್ದದ್ದು ಕಡು ನೀಲಿ. ಅದರ ಕೆಳಗೆ ಕ್ರೀಮ್. ಅದರ ಕೆಳಗೆ ಬೂದು. ಆರ್‌ಸಿಯಲ್ಲಿ ಇದ್ದದ್ದೂ ಬೂದು ಎಂದೇ. ಮೇಲಿನ ಎರಡೂ ಬಣ್ಣ ದಾಖಲೆಗೆ ಹೋಗಿಯೇ ಇರಲಿಲ್ಲ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಬರೆಸಬೇಕು. ಹಾಗಾಗಿ ಬೂದಿಗೇ ಮರಳುವುದು ಎಲ್ಲ ರೀತಿಯಿಂದಲೂ ಸರಿ ಎನಿಸಿತು.

ಮೂಲ ಫಿನಿಶ್ ಹುಡುಕಬೇಕಾದ್ದು ಬಿಸಿಲು, ನೀರು, ಪೇಂಟರ್ ಕೈ ಮೂರೂ ತಲುಪದ ಜಾಗದಲ್ಲಿ. ಹಿಂದಿನ ಗಾಜಿನ ರಬ್ಬರ್ ಅಡಿ, ಗ್ಲೋವ್ ಬಾಕ್ಸ್ ಹಿಂಭಾಗ, ಹಾರ್ನ್ ಬ್ರಾಕೆಟ್ ಕೂರುವ ಜಾಗ, ವೈರ್ ಕ್ಲಿಪ್ಪಿನ ಕೆಳಗೆ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೊ ತೆಗೆದೆವು, ಬಿಚ್ಚಿದ ಮೇಲೆ ಮತ್ತೊಮ್ಮೆ. ಬಣ್ಣದ ಜತೆಗೆ ಹೊಳಪಿನ ಲೆಕ್ಕವನ್ನೂ ಬರೆದುಕೊಂಡೆವು. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಈ ಕಾರಿನಲ್ಲಿ ಏರ್ ಕ್ಲೀನರ್ ಡಬ್ಬ ಹೊಳೆಯುವ ಕಪ್ಪು ಇತ್ತು, ಸಸ್ಪೆನ್ಷನ್ ತೋಳುಗಳು ಅರೆಹೊಳಪಿನ ಕಪ್ಪು, ರೇಡಿಯೇಟರ್ ಮಂಕು ಕಪ್ಪು. ಮೂರೂ ಕಪ್ಪೇ, ಆದರೆ ಬಾನೆಟ್ ಎತ್ತಿದಾಗ ಮೂರೂ ಬೇರೆ ಬೇರೆ ಕಾಣುತ್ತಿದ್ದವು. ಎಲ್ಲಕ್ಕೂ ಒಂದೇ ಡಬ್ಬದ ಹೊಳೆಯುವ ಕಪ್ಪು ಹೊಡೆದರೆ ಎಂಜಿನ್ ಕೋಣೆ ಆಟಿಕೆ ಸಾಮಾನಿನ ಹಾಗೆ ಕಾಣುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಬಿಚ್ಚುವಾಗ ಇನ್ನೊಂದು ಗೊತ್ತಾಯಿತು. ಮೇಷ್ಟ್ರು ವರ್ಷಗಳಿಂದ "ಹೆಡ್‌ಲೈಟ್ ಮಂಕು" ಅನ್ನುತ್ತಿದ್ದರು. ಬಲ್ಬ್, ಬ್ಯಾಟರಿ, ಡೈನಮೊ ಎಲ್ಲ ನೋಡಿಸಿದ್ದರಂತೆ. ಹಿಂದೆ ನೀಲಿ ಹೊಡೆದವರು ಅರ್ಥಿಂಗ್ ವೈರ್ ಬಾಡಿಗೆ ಸೇರುವ ಜಾಗದ ಮೇಲೂ ಪೇಂಟ್ ಹೊಡೆದು, ಅದರ ಮೇಲೆ ಬೋಲ್ಟ್ ಬಿಗಿದಿದ್ದರು. ಇಂಥ ಕಾರಿನಲ್ಲಿ ಕರೆಂಟ್ ವಾಪಸ್ ಬರುವ ದಾರಿ ಬಾಡಿಯೇ. ಪೇಂಟ್ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಎಳೆಯಲ್ಲಿ ಸಿಕ್ಕ ಚೂರು ಲೋಹದ ಮೂಲಕವೇ ಅಷ್ಟೂ ವರ್ಷ ಲೈಟ್ ಉರಿದಿತ್ತು.

ಪೌಡರ್ ಕೋಟಿಂಗ್ ಯಾಕೆ ಎಲ್ಲಕ್ಕೂ ಬೇಡ

ಮಗನ ಪಟ್ಟಿಯಲ್ಲಿ ಹೆಚ್ಚು ಚರ್ಚೆ ಆದದ್ದು ಇದರ ಮೇಲೆ. ಪೌಡರ್ ಕೋಟಿಂಗ್ ಒಳ್ಳೆಯ ಫಿನಿಶ್. ಗೇಟು, ಗ್ರಿಲ್ಲು, ಕುರ್ಚಿಗಳಿಗೆ ಅದಕ್ಕೆ ಸಾಟಿ ಇಲ್ಲ. ಆದರೆ ಅದು ಗಟ್ಟಿಯಾಗುವುದು ಸುಮಾರು 180ರಿಂದ 200 ಡಿಗ್ರಿ ಓವನ್‌ನಲ್ಲಿ. ಆ ಬಿಸಿಗೆ ರಬ್ಬರ್ ಬುಷ್ ಕೆಡುತ್ತದೆ, ಬೇರಿಂಗಿನ ಗ್ರೀಸ್ ಕರಗಿ ಹೋಗುತ್ತದೆ, ಪುಟ್ಟಿ ಬಿರಿಯುತ್ತದೆ. ಹಳೇ ಕಾರುಗಳ ಜಾಯಿಂಟಿನಲ್ಲಿ ಸೀಸದ ಬೆಸುಗೆ ತುಂಬಿರುತ್ತಾರೆ. ಸೀಸ-ತವರದ ಬೆಸುಗೆ 183 ಡಿಗ್ರಿಗೇ ಮೆತ್ತಗಾಗಲು ಶುರು.

ಎರಡನೆಯದು ದಪ್ಪ. ಪೌಡರ್ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್. ಚಕ್ರದ ತಗಡು ಹಬ್ (ಅಚ್ಚಿನ ತುದಿಯ ಗುಂಭ) ಮೇಲೆ ಕೂರುವ ಜಾಗದಲ್ಲಿ, ನಟ್ ಕೂರುವ ಓರೆಯಲ್ಲಿ ಆ ಪದರ ಇದ್ದರೆ ಓಡುತ್ತಾ ಓಡುತ್ತಾ ಅದು ಸವೆದು ತೆಳುವಾಗುತ್ತದೆ. ಆಗ ನಟ್ ಸಡಿಲ. ಬಿಗಿದವರ ಕೈಯಲ್ಲಿ ತಪ್ಪಿಲ್ಲದೇ ಚಕ್ರ ಅಲುಗಾಡುತ್ತದೆ.

ಮೂರನೆಯದೇ ಮುಖ್ಯ. ಕಲ್ಲು ಬಡಿದು ಪೌಡರ್ ಒಂದು ಕಡೆ ಒಡೆದರೆ ನೀರು ಅದರಡಿ ನುಗ್ಗುತ್ತದೆ. ಮೇಲೆ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಒಳಗೆ ತುಕ್ಕು ಹರಡುತ್ತಿರುತ್ತದೆ. ಒಂದು ದಿನ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಬ್ರಷ್ ಹಿಡಿದು ಮನೆಯಲ್ಲೇ ಟಚ್ ಅಪ್ ಮಾಡಿದರೆ ಅದು ಸೇರಿಕೊಳ್ಳುವುದೂ ಇಲ್ಲ. ಮಂಡ್ಯ ಸುತ್ತ ಓಡುವ ಗಾಡಿಗೆ ಇದು ಸಣ್ಣ ಮಾತಲ್ಲ. ನಾಲೆ ಏರಿ ಮೇಲಿನ ದಾರಿ, ಕಬ್ಬಿನ ಗಾಡಿ ಓಡಾಡಿ ಕಿತ್ತುಹೋದ ರಸ್ತೆ, ಗದ್ದೆ ಬಯಲಿನ ಅಂಟುಮಣ್ಣು. ಆ ಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಕೂತರೆ ದಿನಗಟ್ಟಲೆ ಹಸಿಯಾಗೇ ಇರುತ್ತದೆ.

ಇನ್ನೊಂದು ಭಯವನ್ನೂ ಮಗನಿಗೆ ತೋರಿಸಿದೆ. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ತೆಳು ಪೇಂಟಿನ ಮೇಲೆ ತುಕ್ಕಿನ ಗೆರೆಯಾಗಿ ಕಾಣುತ್ತದೆ. ದಪ್ಪ ಪೌಡರ್ ಅದನ್ನು ಮುಚ್ಚಿಡುತ್ತದೆ. ಐವತ್ತು ವರ್ಷ ದಾಟಿದ ಲೋಹದಲ್ಲಿ ಬಿರುಕು ಬೇಗ ಕಣ್ಣಿಗೆ ಬೀಳಬೇಕು.

ಕೊನೆಗೆ ಪೌಡರ್‌ಗೆ ಹೋದದ್ದು ಸೀಟಿನ ಕೆಳಗಿನ ಚೌಕಟ್ಟು ಮತ್ತು ಒಳಗಿನ ಒಂದೆರಡು ಬ್ರಾಕೆಟ್ ಮಾತ್ರ. ಕಲ್ಲು ಬಡಿಯದ, ಬಿಸಿ ತಾಗದ, ಎಳೆ ಇಲ್ಲದ ಭಾಗಗಳು.

ತುಂಡು ತಗಡಿನ ಮೇಲೆ ಪರೀಕ್ಷೆ

ವಾದ ಮಾಡುವ ಬದಲು ಕೈಯಲ್ಲಿ ನೋಡೋಣ ಎಂದು ಒಂದೇ ಅಳತೆಯ ತಗಡಿನ ತುಂಡು ಕತ್ತರಿಸಿ ಬೇರೆ ಬೇರೆ ಪೇಂಟ್ ಹೊಡೆದು ಒಣಗಿಸಿದೆವು. ಸಿಂಥೆಟಿಕ್ ಎನಾಮೆಲ್, ಎನ್‌ಸಿ (ನೈಟ್ರೋಸೆಲ್ಯುಲೋಸ್), ಹಾರ್ಡ್ನರ್ ಅಂದರೆ ಗಟ್ಟಿಯಾಗಿಸುವ ದ್ರವ ಬೆರೆಸುವ ಪಿಯು (ಪಾಲಿಯುರೆಥೇನ್), ಎಪಾಕ್ಸಿ, ಸಿಲಿಕೋನ್ ಹೀಟ್ ಪೇಂಟ್. ಪ್ರತಿಯೊಂದರ ಮೇಲೂ ಒಂದು ತುದಿಗೆ ಬ್ರೇಕ್ ಆಯಿಲ್, ಇನ್ನೊಂದು ತುದಿಗೆ ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆ.

ಬ್ರೇಕ್ ಆಯಿಲ್ ಬಿದ್ದ ಎನಾಮೆಲ್ ಸುಕ್ಕುಗಟ್ಟಿ ಎದ್ದಿತು. ಎನ್‌ಸಿ ಮೆತ್ತಗಾಗಿ ಬೆರಳಿಗೆ ಅಂಟಿತು. ಎಪಾಕ್ಸಿ ಮತ್ತು ಪಿಯು ತಡೆದವು, ಬಣ್ಣ ಸ್ವಲ್ಪ ಮಂಕಾಯಿತು ಅಷ್ಟೇ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ಗಳು ಗ್ಲೈಕಾಲ್ ಜಾತಿಯವು, ಪೇಂಟ್ ಬಿಡಿಸುವ ಗುಣ ಅವಕ್ಕೆ ಸಹಜ. ಯಾವ ಪೇಂಟ್ ಇದ್ದರೂ ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಬೇಕು. ಒರೆಸಿದರೆ ಸಾಲದು. ಮಾಸ್ಟರ್ ಸಿಲಿಂಡರ್ ಸುತ್ತಲಿನ ಜಾಗಕ್ಕೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು ಎಂದು ಅಲ್ಲೇ ಬರೆದುಕೊಂಡೆವು. ಬ್ಯಾಟರಿ ಕೂರುವ ತಟ್ಟೆಗೂ ಅದೇ, ಆಸಿಡ್ ಕಾರಣಕ್ಕೆ.

ಮಗನಿಗೆ ಆಶ್ಚರ್ಯ ಆದದ್ದು ಹೀಟ್ ಪೇಂಟ್ ತುಂಡು ನೋಡಿ. ಪೆಟ್ರೋಲ್ ಬಟ್ಟೆಯಿಂದ ಒಂದು ಸಲ ಉಜ್ಜಿದ್ದಕ್ಕೆ ತಗಡು ಕಂಡಿತು. "600 ಡಿಗ್ರಿ ತಡೆಯೋದು ಪೆಟ್ರೋಲ್ ತಡೆಯಲ್ವಾ?" ಎಂದು ಕೇಳಿದರು. ಸಿಲಿಕೋನ್ ಹೀಟ್ ಪೇಂಟ್ ಪೂರ್ತಿ ಗಟ್ಟಿಯಾಗುವುದು ಚೆನ್ನಾಗಿ ಕಾದ ಮೇಲೆ. ಡಬ್ಬದ ಮೇಲೆ ಬರೆದಿರುವ ಆ ಬಿಸಿ ಸಾಮಾನ್ಯವಾಗಿ 200 ಡಿಗ್ರಿ ಆಚೀಚೆ. ಎಂಜಿನ್ ಬ್ಲಾಕಿನ ಹೊರಮೈ ಅಷ್ಟು ಕಾಯುವುದೇ ಇಲ್ಲ. ಒಳಗೆ ನೀರು ಹರಿಯುತ್ತಿರುತ್ತದೆ, ಹೊರಮೈ 100 ಡಿಗ್ರಿ ಸುತ್ತಮುತ್ತ ಇರುತ್ತದೆ. ಅಂದರೆ ಬ್ಲಾಕಿಗೆ ಹೊಡೆದ ಹೀಟ್ ಪೇಂಟ್ ವರ್ಷಗಟ್ಟಲೆ ಅರೆಬೆಂದ ಸ್ಥಿತಿಯಲ್ಲೇ ಉಳಿಯುತ್ತದೆ. ಈ ಎಂಜಿನ್‌ನಲ್ಲಿ ಪೆಟ್ರೋಲ್ ಪಂಪ್ ಬ್ಲಾಕಿನ ಪಕ್ಕದಲ್ಲೇ ಇದೆ. ಪೈಪ್ ಬಿಚ್ಚಿದಾಗಲೆಲ್ಲ ನಾಲ್ಕು ಹನಿ ಬೀಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆ ಇದೆ. ಹಾಗಾಗಿ ಬ್ಲಾಕಿಗೆ ಪಿಯು, ಬಿಚ್ಚುವಾಗ ಸಿಕ್ಕ ಬಣ್ಣದಲ್ಲೇ, ಅರೆಹೊಳಪು.

ಹೀಟ್ ಪೇಂಟ್ ನಿಜವಾಗಿ ಬೇಕಾದ್ದು ಎಂಜಿನ್‌ನಿಂದ ಹೊಗೆ ಹೊರತರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ. ಘಾಟಿ ಹತ್ತುವಾಗ ಅದು 500 ಡಿಗ್ರಿ ದಾಟಬಹುದು. ಅಲ್ಲಿ ಮಾಮೂಲಿ ಪ್ರೈಮರ್ ಹೊಡೆದರೆ ಅದು ಸುಟ್ಟು ಮೇಲಿನ ಪೇಂಟನ್ನೂ ಎಬ್ಬಿಸುತ್ತದೆ. ಬರೀ ಕಬ್ಬಿಣ ಕಾಣುವ ತನಕ ಮರಳು ಚಿಮ್ಮಿಸಿ ಬ್ಲಾಸ್ಟ್ ಮಾಡಿಸಿ, ಥಿನ್ನರ್‌ನಲ್ಲಿ ಒರೆಸಿ, ಬೂದು ಹೀಟ್ ಪೇಂಟ್ ತೆಳುವಾಗಿ ಹೊಡೆದೆವು. ಆಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಮತ್ತೆ ಇನ್ನಷ್ಟು ಹೊತ್ತು ಓಡಿಸಿ ಹಂತ ಹಂತವಾಗಿ ಬೇಯಿಸಿದೆವು. ಬೆಳ್ಳಿ ಬಣ್ಣದ್ದು ಬೇಡ ಎಂದೆ. ಎರಕದ ಕಬ್ಬಿಣ ಎರಕದ ಕಬ್ಬಿಣದ ಹಾಗೇ ಕಾಣಲಿ.

ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಅದಕ್ಕೆ ಏನೂ ಹೊಡೆಯಲಿಲ್ಲ. ಸೀಮೆಎಣ್ಣೆ, ಮೆತ್ತನೆ ಬ್ರಷ್, ಅಷ್ಟೇ. ಬ್ಲಾಸ್ಟಿಂಗ್ ಕೂಡ ಮಾಡಿಸಲಿಲ್ಲ. ಆ ಮರಳಿನ ಕಾಳು ಆಯಿಲ್ ಓಡುವ ರಂಧ್ರದಲ್ಲಿ ಒಂದು ಉಳಿದರೂ ಬೇರಿಂಗ್ ಹೋಗುತ್ತದೆ. ರೇಡಿಯೇಟರ್‌ಗೆ ತುಂಬ ತೆಳುವಾದ ಮಂಕು ಕಪ್ಪು. ದಪ್ಪ ಹೊಡೆದರೆ ರೆಕ್ಕೆಗಳು ಮುಚ್ಚಿ ಬಿಸಿ ಹೊರಹೋಗುವುದು ಕಡಿಮೆಯಾಗುತ್ತದೆ.

ಅಡಿಭಾಗ

ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯ ತಗಡೇ ಚಾಸಿಯ ಕೆಲಸ ಮಾಡುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪೆಟ್ಟಿಗೆ ಭಾಗ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆ ಅಲ್ಲ, ಕಾರಿನ ಬಲದ ಪ್ರಶ್ನೆ. ನಮ್ಮಲ್ಲಿ ಅಡಿಗೆ ಡಾಂಬರಿನಂಥ ಕಪ್ಪು ಕೋಟಿಂಗ್ ಬಳಿಯುವುದು ವಾಡಿಕೆ. ಹೊಸದರಲ್ಲಿ ಚೆನ್ನ. ಒಣಗಿ ಬಿರುಕು ಬಿಟ್ಟ ಮೇಲೆ ನೀರನ್ನು ಒಳಗೇ ಹಿಡಿದಿಡುತ್ತದೆ. ಈ ಕಾರಿನ ಹಳೇ ಕೋಟಿಂಗ್ ಕೆರೆದಾಗ ಟಿಂಕರ್ ಭಾಯಿಗೆ ಎರಡು ಕಡೆ ತೂತು ಸಿಕ್ಕಿತು. ಬಳಿದವರು ನೀರು ಹೊರಹೋಗುವ ರಂಧ್ರಗಳನ್ನೂ ಮುಚ್ಚಿಬಿಟ್ಟಿದ್ದರು.

ಈ ಸಲ ಎಪಾಕ್ಸಿ ಪ್ರೈಮರ್, ಚಕ್ರದ ಕಮಾನಿಗೆ ಮಾತ್ರ ಕಲ್ಲು ತಡೆಯುವ ದೊರಗು ಕೋಟಿಂಗ್, ಎಲ್ಲದರ ಮೇಲೆ ಬಾಡಿಯದೇ ಬೂದು. ಕಪ್ಪು ಬಳಿದರೆ ಕೊಳೆ ಕಾಣುವುದಿಲ್ಲ ನಿಜ, ತುಕ್ಕೂ ಕಾಣುವುದಿಲ್ಲ. ಪೆಟ್ಟಿಗೆ ಭಾಗಗಳ ಒಳಗೆ ಪೇಂಟ್ ಸರಿಯಾಗಿ ಹೋಗುವುದಿಲ್ಲ, ಅಲ್ಲಿಗೆ ಪೈಪಿನಿಂದ ಮೇಣ ಸಿಂಪಡಿಸಿದೆವು. ರಂಧ್ರಗಳು ತೆರೆದೇ ಇವೆ.

ಹಿಂದಿನ ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಬಾಗುತ್ತಲೇ ಇರುವ ಭಾಗ. ಹೊರಮೈಗೆ ತೆಳು ಕಪ್ಪು, ಪಟ್ಟಿ ಪಟ್ಟಿ ನಡುವೆ ಪೇಂಟ್ ಇಲ್ಲ, ಗ್ರಾಫೈಟ್ ಗ್ರೀಸ್. ಬ್ರೇಕ್ ಡ್ರಮ್ಮಿಗೆ ಹೊರಗೆ ತೆಳು ಕಪ್ಪು. ಲೈನರ್ ಉಜ್ಜುವ ಒಳಮೈಗೂ ಹಬ್ ಮೇಲೆ ಕೂರುವ ಮೈಗೂ ಪೇಂಟ್ ತಾಗದಂತೆ ಟೇಪ್ ಅಂಟಿಸಿದ್ದೆವು.

ಬೋಲ್ಟ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲವನ್ನೂ ಜಿಂಕ್ ಪ್ಲೇಟಿಂಗ್‌ಗೆ ಕೊಟ್ಟರೆ ಥಳಥಳ ಬರುತ್ತವೆ. ಸಾಧಾರಣ ಬೋಲ್ಟ್‌ಗೆ ಅದು ಸರಿ. ಸಸ್ಪೆನ್ಷನ್, ಸ್ಟೀರಿಂಗ್‌ನ ಗಟ್ಟಿ ಉಕ್ಕಿನ ಬೋಲ್ಟ್‌ಗೆ ಅಪಾಯ. ಆಸಿಡ್‌ನಲ್ಲಿ ತೊಳೆದು ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಕೆಲವೇ ಗಂಟೆಯೊಳಗೆ 200 ಡಿಗ್ರಿ ಸುತ್ತ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಹಾಕದಿದ್ದರೆ ಬೋಲ್ಟ್ ಸುಳಿವೇ ಕೊಡದೆ ಒಂದು ದಿನ ಪಟ್ಟನೆ ಮುರಿಯುತ್ತದೆ. ಕಾಯಿಸುವ ಕ್ರಮ ಪಾಲಿಸುವ ಜಾಗ ಖಾತ್ರಿ ಇಲ್ಲದಿದ್ದರೆ ಅಂಥ ಬೋಲ್ಟ್ ಕೊಡಲೇಬಾರದು. ಇಲ್ಲಿ ಅವು ಕಪ್ಪು ಫಾಸ್ಫೇಟ್ ಫಿನಿಶ್‌ನವು, ಮೇಲೆ ಎಣ್ಣೆ.

ಬಾಡಿ, ಡ್ಯಾಶ್‌ಬೋರ್ಡ್

ಬೂದು ಬಣ್ಣ ಹೊಂದಿಸಲು ಗಾಜಿನ ರಬ್ಬರ್ ಅಡಿಯ ತುಣುಕನ್ನೇ ಮಾದರಿ ಮಾಡಿಕೊಂಡೆವು. ಬಿಸಿಲು ಕಂಡಿರದ ಜಾಗ ಅದು. ಮಿಕ್ಸಿಂಗ್ ಅಂಗಡಿಯ ಟ್ಯೂಬ್‌ಲೈಟ್‌ನಲ್ಲಿ ಒಪ್ಪಿದ ಬಣ್ಣ ಹೊರಗೆ ಬಿಸಿಲಿಗೆ ಹಿಡಿದಾಗ ಹಸಿರು ಹೊಡೆಯುತ್ತಿತ್ತು. ಬಿಸಿಲಲ್ಲಿ ನೋಡಿ ತಿದ್ದಿಸಿದೆವು.

ಬೇಸ್ ಕೋಟ್ ಮೇಲೆ ಕ್ಲಿಯರ್ ಹೊಡೆದರೆ ಗಾಜಿನಂಥ ಹೊಳಪು ಬರುತ್ತದೆ. ಆ ಕಾಲದ ಕಾರಿಗೆ ಅದು ಒಪ್ಪುವುದಿಲ್ಲ, ಬಣ್ಣ ಪ್ಲಾಸ್ಟಿಕ್ಕಿನ ಹಿಂದೆ ಕೂತ ಹಾಗೆ ಕಾಣುತ್ತದೆ. ಹಳೇ ಎನ್‌ಸಿಯೇ ಹೊಡೆಯೋಣ ಎಂದರೆ ಬಿಸಿಲಿಗೆ ಬೇಗ ಮಂಕಾಗುತ್ತದೆ, ಪದೇ ಪದೇ ಪಾಲಿಶ್ ಬೇಕು. ನಡುವಿನ ದಾರಿ ಕ್ಲಿಯರ್ ಇಲ್ಲದ ಪಿಯು. ಬಣ್ಣವೂ ಹೊಳಪೂ ಒಂದೇ ಪದರದಲ್ಲಿ ಬರುತ್ತದೆ. ಆಮೇಲೆ 2000 ನಂಬರ್ ವಾಟರ್ ಪೇಪರ್, ಬಫಿಂಗ್. ಹೊಳಪು ಮೆತ್ತಗೆ ಬಂತು. ಮಗ ಕೂಡ ಎರಡೂ ಮಾದರಿ ತಗಡನ್ನು ಕಾರಿನ ಪಕ್ಕ ಹಿಡಿದು ನೋಡಿ ಇದನ್ನೇ ಆರಿಸಿದರು.

ಮಳೆಗಾಲದಲ್ಲಿ ಟಾಪ್ ಕೋಟ್ ಬೇಡ ಎಂದು ಹಟ ಹಿಡಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎನ್‌ಸಿ ಬೆಳ್ಳಗಾಗುತ್ತದೆ, ಪಿಯು ಹಾರ್ಡ್ನರ್ ತೇವದ ಜತೆ ಸೇರಿ ಗುಳ್ಳೆ ಏಳಿಸುತ್ತದೆ. ಸಂಕ್ರಾಂತಿ ಆದಮೇಲೆ, ಇಬ್ಬನಿ ಪೂರ್ತಿ ಹೋದ ಹೊತ್ತಿನಲ್ಲಿ ಹೊಡೆದೆವು. ಪಿಯು ಹೊಡೆಯುವ ಹುಡುಗರಿಗೆ ಒಂದು ಕಳಕಳಿಯ ಮಾತು: ಆ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೋದರೆ ಆಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಕರ್ಚೀಫು, ಬಟ್ಟೆ ಮಾಸ್ಕ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಅದಕ್ಕೆ ದುಡ್ಡು ಹಾಕಿ, ಬೇರೆ ಕಡೆ ಉಳಿಸಿ.

ಬನ್ನಿಮಂಟಪದಲ್ಲಿ ಕೂತು ಪೇಂಟ್ ಬಗ್ಗೆ ಬರೆಯುವಾಗ ಇಲ್ಲಿನ ಪೇಂಟ್ ಕಾರ್ಖಾನೆಯ ನೆನಪೂ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನೂ ತಯಾರಿಸುತ್ತಾ ಬಂದಿದೆ. ನಮ್ಮೂರಿನಲ್ಲಿ ಬಣ್ಣದ ಕೆಲಸಕ್ಕೆ ಇಷ್ಟು ಹಳೇ ಬೇರಿದೆ ಎನ್ನುವುದು ನನಗೆ ಹೆಮ್ಮೆ.

ಡ್ಯಾಶ್‌ಬೋರ್ಡ್ ಕೂಡ ತಗಡಿನದೇ, ಬಾಡಿ ಬಣ್ಣದ್ದೇ. ಆದರೆ ಪೂರ್ತಿ ಹೊಳಪಿದ್ದರೆ ಸಂಜೆ ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಮಂಡ್ಯದಿಂದ ಮೈಸೂರಿಗೆ ಬರುವಾಗ ಸೂರ್ಯ ಎದುರಿಗೇ ಇರುತ್ತಾನೆ. ಅದೇ ಬೂದಿಗೆ ಹೊಳಪು ಇಳಿಸುವ ಮದ್ದು ಬೆರೆಸಿ ಮೂರು ಹಂತದ ಮಾದರಿ ಮಾಡಿದೆವು. ಮೇಷ್ಟ್ರು ಚಾಲಕನ ಸೀಟಿನಲ್ಲಿ ಕೂತು ಒಂದೊಂದನ್ನೇ ಗಾಜಿನ ಕೆಳಗೆ ಇಟ್ಟು ನೋಡಿ ನಡುವಿನದನ್ನು ಆರಿಸಿದರು.

ಚಕ್ರಗಳಿಗೆ ಪಿಯು ಬೆಳ್ಳಿ ಬಣ್ಣ. ಹಬ್ ಕೂರುವ ಮೈ, ನಟ್ ಕೂರುವ ಓರೆ, ಎರಡಕ್ಕೂ ಪ್ರೈಮರ್ ಒಂದು ತೆಳು ಪದರ ಮಾತ್ರ. ಬಂಪರಿಗೆ ಕ್ರೋಮ್ ಮಾಡಿಸಿದೆವು, ಅದರ ಹಿಂಬದಿಗೆ ಎಪಾಕ್ಸಿ ಮತ್ತು ಅಲ್ಯೂಮಿನಿಯಂ ಪೇಂಟ್. ಅರ್ಥಿಂಗ್ ಜಾಗಗಳನ್ನೆಲ್ಲ ಬಿಳಿ ಲೋಹ ಕಾಣುವಂತೆ ಉಜ್ಜಿ, ವೈರ್ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆವು. ಹೆಡ್‌ಲೈಟ್ ಈಗ ಚೆನ್ನಾಗಿ ಉರಿಯುತ್ತದೆ. ಡೈನಮೊ ಅದೇ ಹಳೆಯದು.

ಒಂದು ಮಳೆಗಾಲ ಆದಮೇಲೆ

ಮುಂಗಾರು ಪೂರ್ತಿ ಓಡಿಸಿ ಮೇಷ್ಟ್ರು ಕಾರನ್ನು ಶೆಡ್ಡಿಗೆ ತಂದರು. ಜಾಕ್ ಮೇಲೆ ಎತ್ತಿ ನೋಡಿದೆವು. ಹಿಂದಿನ ಚಕ್ರದ ಕಮಾನಿನಲ್ಲಿ ಕಲ್ಲು ಬಡಿದ ಗುರುತುಗಳಿವೆ. ಎಪಾಕ್ಸಿ ತನಕ ಹೋಗಿವೆ, ತಗಡು ಕಂಡಿಲ್ಲ. ಬೂದು ಬಣ್ಣ ಆದ್ದರಿಂದ ಟಾರ್ಚ್ ಬಿಟ್ಟ ಕೂಡಲೇ ಕಂಡವು. ಬ್ರಷ್‌ನಲ್ಲೇ ತುಂಬಿದೆವು. ಸಸ್ಪೆನ್ಷನ್ ತೋಳಿನ ಕಪ್ಪು ಒಂದು ಕಡೆ ಉಜ್ಜಿ ಹೋಗಿತ್ತು. ಹತ್ತಿರದ ಬ್ರೇಕ್ ಪೈಪ್ ತಾಗುತ್ತಿತ್ತು. ಪೈಪಿನ ಕ್ಲಿಪ್ ಸರಿಪಡಿಸಿ, ಕಪ್ಪು ಟಚ್ ಅಪ್ ಮಾಡಿದೆವು. ತೆಳು ಪೇಂಟ್ ಆದ್ದರಿಂದಲೇ ಅದು ಬೇಗ ಸಿಕ್ಕಿತು ಎಂದು ಮಗನಿಗೆ ಫೋಟೊ ಕಳಿಸಿದೆ.

ಮ್ಯಾನಿಫೋಲ್ಡ್‌ನ ಬಾಯಿಗಳ ಹತ್ತಿರ ಹೀಟ್ ಪೇಂಟ್ ಕಂದಾಗಿದೆ. ಅದು ಆಗುವುದೇ, ಇನ್ನೆರಡು ವರ್ಷಕ್ಕೆ ಬಿಚ್ಚಿದಾಗ ಮತ್ತೆ ಹೊಡೆಯಬೇಕು. ಪೆಟ್ರೋಲ್ ಪಂಪ್ ಕೆಳಗಿನ ಬ್ಲಾಕಿನ ಪಿಯು ಹಾಗೇ ಇದೆ. ಚಕ್ರದ ನಟ್‌ಗಳನ್ನು ಟಾರ್ಕ್ ಪಾನಾದಲ್ಲಿ ನೋಡಿದೆವು, ಯಾವುದೂ ಸಡಿಲ ಆಗಿಲ್ಲ. ಬಾಗಿಲ ಕೆಳಗಿನ ರಂಧ್ರಗಳಲ್ಲಿ ಎಡಗಡೆಯ ಒಂದರಲ್ಲಿ ಮೇಣ ಗಟ್ಟಿಯಾಗಿ ಮಣ್ಣು ಕಟ್ಟಿಕೊಂಡಿತ್ತು. ತಂತಿ ಹಾಕಿ ಬಿಡಿಸಿದೆವು. ಪ್ರತಿ ಸಲ ಕಾರು ತೊಳೆದಾಗ ಆ ರಂಧ್ರಗಳಿಂದ ನೀರು ಬರುತ್ತಿದೆಯೇ ಎಂದು ಬಗ್ಗಿ ನೋಡಲು ಮೇಷ್ಟ್ರಿಗೆ ಹೇಳಿದ್ದೇನೆ.